ರುಮಾಲಿನ ಕೌದಿ

"ಕೇಳ್ರಪ್ಪೋ ಕೇಳ್ರಿ! ತೀರಿಹೋದ ರಾಣಿಯವ್ವ ಬಿಟ್ಟುಹೋದ ಮೂರು ಒಗಟು ಒಡೆದವಗ ಅರಸುಮಗಳು ಹೊನ್ನಾಂಬೆ! ತಪ್ಪಿದವಗ ಅಮಾಸಿಗೆ ತಲೆದಂಡ! ಕೋಟೆಯೊಳಗ ಕಾಲಿಟ್ಟವರು ಉತ್ತರ ಹೇಳದೆ ಹೊರಗ ಹೋಗೂಹಂಗಿಲ್ಲ!"

ಡಂಗುರ ಹೊಡೆದದ್ದು ಹೆಬ್ಬಾಗಿಲಲ್ಲಿ. ಹಳೇ ಬಟ್ಟೆ ಬೇಡಿ ತಂದು ಕೌದಿ ಹೊಲಿಯುವ ಮಾಯಪ್ಪ ಬಂದದ್ದು ಹಿತ್ತಲ ಬಾಗಿಲಿಂದ. "ಹರಕ ಸೀರಿ ಇದ್ರ ನೀಡ್ರೆವ್ವಾ" ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಅಗಳಿ ಬಿತ್ತು. ಒಗಟು ಬೇಡ, ಅರಸುಮಗಳು ಬೇಡ, ಮನೆಗೆ ಬಿಡ್ರೋ ಎಂದು ಕಾಲಿಗೆ ಬಿದ್ದರೂ ಕಾವಲಿನವ ಕೇಳಬೇಕಲ್ಲ!

ಆಸ್ಥಾನದ ಕಿಟಕಿಗೆಲ್ಲ ಕಬ್ಬಿಣದ ಸರಳು. ಜರಿ ರುಮಾಲು ಸುತ್ತಿದ ರಾಜಕುಮಾರರ ಸಾಲಿನ ಕೊನೆಗೆ ಅವನನ್ನು ನಿಲ್ಲಿಸಿದರು. ಅರಸ ಕೇಳಿದ: "ಅವಳಿಗೆ ಒಂದೇ ಕಣ್ಣು, ನೋಟವಿಲ್ಲ. ಚುಚ್ಚಿದಲ್ಲೆಲ್ಲ ಕೂಡಿಸುತ್ತಾಳೆ. ಯಾರು?"

"ಯುದ್ಧದೇವತೆ" ಎಂದನೊಬ್ಬ.

"ಸತ್ತ ಮೇಲೂ ಮೊಮ್ಮಕ್ಕಳನ್ನು ಅಪ್ಪಿ ಮಲಗಿಸುವ ಅಜ್ಜಿ ಯಾರು?"

"ದೆವ್ವ" ಎಂದ ಇನ್ನೊಬ್ಬ.

"ಬಾಯಿಲ್ಲ, ಹಸಿವುಂಟು. ಒಂದೇ ತುತ್ತಿಗೆ ಜನ್ಮವೆಲ್ಲ ತೃಪ್ತಿ. ಏನದು?"

"ಗೋರಿ" ಎಂದ ಮತ್ತೊಬ್ಬ, ಪಾಪ. ತಪ್ಪಿದವರನ್ನೆಲ್ಲ ಕಾಳು ತುಂಬುವ ಹಗೇವಿಗೆ ಇಳಿಸಿ ಮೇಲೆ ಕಲ್ಲು ಎಳೆದರು. ಒಳಗಿನಿಂದ ಅಳು ಕೇಳುತ್ತಿತ್ತು.

ಮಾಯಪ್ಪನ ಸರದಿ ಬಂತು. ನಾ ಹೋದರೆ ನಮ್ಮವ್ವಗೆ ಯಾರು ಗತಿ? ಅಂಜಿಕೆಗೆ ಚಿಂದಿ ಗಂಟನ್ನು ಗಟ್ಟಿಯಾಗಿ ಅವುಚಿಕೊಂಡ. ಬೆರಳಿಗೆ ಚುರುಕ್ಕೆಂದಿತು.

"ಹಾ! ಸೂಜಿ, ದೊರಿ, ಸೂಜಿ!" ಎಂದು ಕೂಗಿಬಿಟ್ಟ. "ಅಜ್ಜಿ ಅಂದ್ರ ಅಜ್ಜಿ ಸೀರಿ. ಆಕಿ ಸತ್ತ ಮ್ಯಾಲ ಕೌದಿಯಾಗಿ ಮೊಮ್ಮಕ್ಕಳನ್ನ ಮಲಗಸ್ತದ. ಹಸಿದದ್ದೂ ಕೌದಿನ! ಕಡೇ ಹೊಲಿಗಿಗೆ ಮೊದಲ ಒಂದು ತುಣುಕು ರೊಟ್ಟಿ ಒಳಗಿಡ್ತೀವಿ. ಹಸಿದ ಕೌದಿ ಹೊದ್ದವರ ಹಸಿವು ಹಿಂಗೂದಿಲ್ಲಂತ ನಮ್ಮವ್ವ ಅಂತಾಳ."

ಪರದೆ ಸರಿಸಿ ಹೊನ್ನಾಂಬೆ ಬಂದಳು. ಕಣ್ಣು ತುಂಬಿತ್ತು. "ನಮ್ಮವ್ವನೂ ಕೌದಿ ಹೊಲಿಯೋರ ಮಗಳು. ಇಲ್ಲಿಗೆ ಬಂದಾಕಿ ಸಾಯೋತನ ಹೊಸ್ತಿಲ ದಾಟಲಿಲ್ಲ."

ಅರಸ ತಲೆ ತಗ್ಗಿಸಿದ. "ಗೆದ್ದಿಯಪ್ಪ. ಏನು ಬೇಕು ಕೇಳು."

"ಬಾಗಿಲ ತಗಸ್ರಿ. ಹಗೇದಾಗ ಇರೋರನ್ನೂ ಬಿಡ್ರಿ. ಅವರ ರುಮಾಲು ನನಗಿರಲಿ."

"ಮತ್ತ ನಾನು?" ಎಂದಳು ಹೊನ್ನಾಂಬೆ.

"ಬಾಗಿಲ ತೆರೆದದರಿ. ಬರೂದು ಬಿಡೂದು ನಿಮ್ಮಿಷ್ಟ."

ಅವಳು ಒಳಗೆ ಹೋಗಿ ತಾಯಿಯ ಹಳೇ ಸೀರೆ, ಒಂದು ರೊಟ್ಟಿ ತಂದಳು. ಇಬ್ಬರೂ ಹಿತ್ತಲ ಬಾಗಿಲಿಂದಲೇ ಹೊರಟರು, ಮದುವೆಯೂ ಆಯಿತು. ಒಬ್ಬರನ್ನು ಕಂಡರೊಬ್ಬರಿಗೆ ಆಗದ ಆ ರಾಜಕುಮಾರರ ರುಮಾಲೆಲ್ಲ ರಾಣಿಯ ಸೀರೆಗೆ ಕೂಡಿ ಕೌದಿಯಾಗಿ, ಅವರ ಕೂಸಿಗೆ ಬೆಚ್ಚಗಾದವು. ಕಡೇ ಹೊಲಿಗೆಗೆ ಮುಂಚೆ ರೊಟ್ಟಿ ಇಟ್ಟವಳು ಹೊನ್ನಾಂಬೆ.