ಹಾಕದ ಗೀಟು

"ಕೇಳ್ರಪ್ಪೋ ಕೇಳ್ರಿ! ಕಲ್ಲೇಣಿ ಸಂಸ್ಥಾನದ ರಾಣಿ ಗೌರಾಜಮ್ಮನವರ ಅಪ್ಪಣಿ! ತೀರಿಹೋದ ದೊರೆಗಳ ಡೀಸೆಲ್ ಕಾರು ಕೋಟೆಗೆ ಹೋಗೂ ಘಾಟಿ ಹತ್ತವಲ್ಲದು. ರಾಣಿಯವರು ಮೂರು ಒಗಟು ಒಡ್ಡತಾರ. ಮೂರೂ ಬಿಡಿಸಿದವ ಬೇಡಿದ್ದು ಕೊಡತಾರ. ತಪ್ಪಿದವನ ತಲಿ ಹೊತ್ತು ಮುಳುಗೂದ್ರಾಗ ಉರುಳತದ!"

ಡಂಗೂರದವನ ದನಿಗೆ ಪೇಟೆಯವರೆಲ್ಲ ಬಾಗಿಲಿಗೆ ಬಂದರು. ಗ್ಯಾರೇಜಿನ ಕೊಟ್ರೇಶಿ ಒಬ್ಬನೇ ಒಳಗೆ ಸರಿದ. ಆರು ತಿಂಗಳಿಂದ ಅವನಿಗೆ ಅದೇ ಅಭ್ಯಾಸವಾಗಿತ್ತು. ಆ ಕಾರಿನ ಮಾತು ಬಂದರೆ ಸಾಕು, ನೆಲ ನೋಡುತ್ತಿದ್ದ.

ನೋಡದೇ ಏನು ಮಾಡಿಯಾನು? ಕಾರು ಕೆಡಿಸಿದವನು ಅವನೇ. ಅವನಿಗೆ ಕೆಲಸ ಕಲಿಸಿದ ಉಸ್ತಾದ್ ಬುಡೇನ್‌ಸಾಬರು ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ ರಾಣಿಯ ಡ್ರೈವರ್, "ಇನ್ನಷ್ಟು ಜಿಗೀಲಿ ಗಾಡಿ" ಎಂದಿದ್ದ. ಕೊಟ್ರೇಶಿಗೆ ಕೈ ತುರಿಸಿತು. ಎಣ್ಣೆ ಹೆಚ್ಚು ಹರಿಯಲೆಂದು ಡೀಸೆಲ್ ಪಂಪಿನ ಸ್ಕ್ರೂ ಒಂದು ಸುತ್ತು ಒಳಗೆ ಬಿಗಿದ, ನಟ್ಟು ಸಡಿಲಿಸಿ ಪಂಪನ್ನೂ ಒಂದಿಷ್ಟು ಹೊರಳಿಸಿದ. ಎರಡು ದಿನ ಕಾರು ಹಾರಿತು. ಮೂರನೆಯ ದಿನ ನಡುಘಾಟಿಯಲ್ಲಿ ಕರೀ ಹೊಗೆ ಉಗುಳಿ ಎಂಜಿನ್ ನಿಂತುಹೋಗಿ, ಒಳಗೆ ಕೂತ ರಾಣಿಯ ಸಮೇತ ಹಿಂದಕ್ಕೆ ಉರುಳಿ ಕಟ್ಟೆಗೆ ಬಡಿಯಿತು. ಸಿಪಾಯಿಗಳು ಬಂದು "ಯಾರ ಕೆಲಸ?" ಎಂದಾಗ ಉಸ್ತಾದರು ಕೈ ಒರೆಸಿಕೊಂಡು ಎದ್ದು, "ಗ್ಯಾರೇಜು ನಂದು, ನನ್ನ ಒಯ್ರಿ" ಎಂದು ಅವರೊಂದಿಗೆ ಸೆರೆಮನೆಗೆ ಹೋದರು. ಕೊಟ್ರೇಶಿಯ ಬಾಯಿಗೆ ಆಗ ಬೀಗ ಬಿದ್ದಿತ್ತು. ಪುಣ್ಯಾತ್ಮ, ಊಟಕ್ಕೆ ಮಾತ್ರ ಅದನ್ನು ತೆಗೆಯುತ್ತಿದ್ದ.

ಡಂಗೂರ ಕೇಳಿದ ಮೇಲೆ ಅವನ ಕಾಲು ಮಾತ್ರ ಸುಮ್ಮನಿರಲಿಲ್ಲ. ಅರಮನೆಯ ಅಂಗಳದಲ್ಲಿ ಎಲ್ಲರ ಹಿಂದೆ ಹೋಗಿ ನಿಂತ. ನಡುವೆ ಕಾರು, ಪಕ್ಕದಲ್ಲಿ ಕತ್ತಿ ಹಿಡಿದ ತಳವಾರ.

ರಾಣಿ ಮೊದಲ ಒಗಟು ಒಡ್ಡಿದರು. "ಹೊಟ್ಟಿ ತುಂಬ ಉಣ್ಣಿಸಿದಷ್ಟೂ ಸೊರಗತಾನ, ಮಾರಿ ಕಪ್ಪಾಗತದ. ಉಣ್ಣಾಕ ಕಡಿಮಿ ಇಟ್ಟರ ಗುಡ್ಡ ಹತ್ತತಾನ. ಯಾರವ?"

ಕಾರು ಮಾರುವ ಸಾಹುಕಾರ ಚನ್ನಮಲ್ಲಪ್ಪ ಮೀಸೆ ತೀಡಿ, "ಮನಿಅಳಿಯ!" ಎಂದ. ಅಂಗಳವೆಲ್ಲ ನಕ್ಕಿತು, ರಾಣಿ ನಗಲಿಲ್ಲ. ಸಾಹುಕಾರನ ರುಮಾಲು ಇಳಿಯಿತು, ಅವನು ತಳವಾರನ ಪಕ್ಕ ಹೋಗಿ ನಿಂತ.

ಕೊಟ್ರೇಶಿ ಕಿವಿ ನಿಮಿರಿಸಿದ. ಈ ಧಾಟಿ ಅವನು ಬಲ್ಲ. ಹೀಗೆ ತಿರುಚಿ ತಿರುಚಿ ಕೇಳಿ ಕೆಲಸ ಕಲಿಸಿದವರು ಲೋಕದಲ್ಲಿ ಒಬ್ಬರೇ.

"ಎಂಜಿನ್, ತಾಯಿ," ಎಂದು ಹಿಂದಿನಿಂದಲೇ ಹೇಳಿದ. "ಟರ್ಬೊ ತನ್ನ ಕೈಲಾದಷ್ಟೇ ಗಾಳಿ ಊದತದ. ಆ ಗಾಳಿಗಿಂತ ಹೆಚ್ಚು ಡೀಸೆಲ್ ಸುರಿದ್ರ ಅದು ಪೂರಾ ಉರಿಯೂದಿಲ್ಲ, ಕರೀ ಹೊಗಿ ಆಗಿ ಹೋಗತದ."

"ಮುಂದ ಬಾ," ಎಂದರು ರಾಣಿ. ಜನ ದಾರಿ ಬಿಟ್ಟರು. ಅಷ್ಟು ಜನರ ಕಣ್ಣೆದುರು ನಡೆಯುವಾಗ ಅವನಿಗೆ ಮೈಮೇಲೆ ಬಟ್ಟೆಯೇ ಇಲ್ಲದಂತಾಯಿತು.

"ಎರಡನೇದು. ಸಾಲಿನ್ಯಾಗ ಕೂತ ನಾಲ್ವರಿಗೆ ಒಬ್ಬವ ಬಡಸತಾನ, ಒಬ್ಬೊಬ್ಬರಿಗೂ ಒಂದೊಂದು ತುತ್ತು. ಕೂದಲಿನಷ್ಟು ಮೊದಲಾದ್ರ ಉಣ್ಣವ್ರು ಗೋಡಿ ಗುದ್ದತಾರ, ತಡ ಆದ್ರ ಹೊಗಿ ಬಿಟ್ಟು ತೂಕಡಸತಾರ. ತಪ್ಪು ಅವನ ಕೈಯಾಗಿಲ್ಲ, ಕೂತ ರೀತಿಯಾಗ ಐತಿ."

ಪರವೂರಿನಿಂದ ಬಂದ ಸೂಟಿನ ಎಂಜಿನಿಯರ್ ಕನ್ನಡಕ ಏರಿಸಿ, "ಮಠದ ಅಡಿಗೆಯವನು," ಎಂದ. ಅವನ ಕನ್ನಡಕವೂ ಇಳಿಯಿತು, ಅವನೂ ಸಾಹುಕಾರನ ಪಕ್ಕ ಸೇರಿದ.

"ಡೀಸೆಲ್ ಪಂಪು," ಎಂದ ಕೊಟ್ರೇಶಿ. "ನಾಕು ಸಿಲಿಂಡರಿಗೆ ಸರದಿ ಮ್ಯಾಲ ಡೀಸೆಲ್ ಹೊಡೀತದ. ಕೂತಲ್ಲೇ ಪಂಪು ಒಂಚೂರು ಹೊರಳಿದ್ರ ಹೊಡಿಯೂ ವ್ಯಾಳ್ಯಾ ತಪ್ಪತದ." ಹೊರಳಿಸಿದ್ದು ಯಾರೆಂದು ಹೇಳಲಿಲ್ಲ. ಕಿವಿ ಮಾತ್ರ ಕೆಂಪಾಗಿ ಉರಿಯುತ್ತಿತ್ತು.

"ಕಡೀದು. ಅಕ್ಕಿಕಾಳಿನಷ್ಟು ಉದ್ದ, ತೂಕ ಇಲ್ಲ, ಬಣ್ಣ ಇಲ್ಲ. ಅದನ್ನ ಮರೆತು ಮನಿ ಬಿಟ್ಟವಗ ತಿರುಗಿ ಬರೂ ದಾರಿ ಇಲ್ಲ."

ಉತ್ತರ ಕೊಟ್ರೇಶಿಗೆ ಗೊತ್ತಿತ್ತು. ಗೊತ್ತಿಲ್ಲವೆಂದರೆ ತಲೆ ಹೋಗುತ್ತದೆ, ಹೇಳಿದರೆ ಮಾನ. ಆ ಗಳಿಗೆಯಲ್ಲಿ ತಲೆ ಹೋಗುವುದೇ ಹಗುರವೆನಿಸಿತು. ಆದರೆ ಅವನ ತಲೆ ಹೋದರೆ ಉಸ್ತಾದರು ಸೆರೆಮನೆಯಲ್ಲೇ ಮುದುಕರಾಗುತ್ತಾರೆ.

"ಗೀಟು, ತಾಯಿ," ಎಂದ ಕೊಟ್ರೇಶಿ. "ನಟ್ಟು ಬಿಚ್ಚಾಕ ಪಾನಾ ಹಚ್ಚೂ ಮೊದಲ ಪಂಪಿನ ಮ್ಯಾಲ, ಅದು ಕೂತ ಜಾಗದ ಮ್ಯಾಲ ಉಳಿಲಿಂದ ಒಂದೊಂದು ಗೀಟು ಎಳೀಬೇಕು. ಏನರ ಹೆಚ್ಚುಕಮ್ಮಿ ಆದ್ರ ಎರಡೂ ಗೀಟು ಕೂಡಿಸಿ ಮೊದಲಿನಂಗ ಮಾಡಬಹುದು. ಉಸ್ತಾದ್ರು ನನಗ ಕಲಿಸಿದ ಮೊದಲನೇ ಪಾಠ ಅದು. ನಾ ಹಾಕಲಿಲ್ಲ. ನಿಮ್ಮ ಗಾಡಿ ಕೆಡಿಸಿದವ ನಾನು. ಅವರು ನನ್ನ ಸಲುವಾಗಿ ಒಳಗದಾರ, ನಾ ನಾಚಿಕಿಲ್ಲದ ಹೊರಗ ಉಂಡೀನಿ. ಬೇಡಿದ್ದು ಕೊಡತೀನಂದ್ರಿ. ಅವರನ್ನ ಬಿಡ್ರಿ, ಈ ಇಬ್ಬರ ತಲಿ ಉಳಸ್ರಿ, ನನ್ನ ಒಳಗ ಹಾಕ್ರಿ."

ರಾಣಿ ತಳವಾರನಿಗೆ ಕತ್ತಿ ಇಳಿಸುವಂತೆ ಸನ್ನೆ ಮಾಡಿದರು. "ಈ ಒಗಟು ನಾ ಕಟ್ಟಿದ್ದಲ್ಲಪಾ. ಕೆಡಿಸಿದವ ಯಾರಂತ ಆರು ತಿಂಗಳು ಕೇಳಿದೆ, ನಿಮ್ಮ ಉಸ್ತಾದ ಹೆಸರು ಹೇಳಲಿಲ್ಲ. 'ಇವು ಮೂರು ಬಿಡಿಸೂವ ಬರತಾನ, ಅವನೇ ಹೇಳತಾನ' ಅಂದ. ಸರಿ ಉತ್ತರ ಕೊಟ್ಟವನನ್ನ ಒಳಗ ಹಾಕಾಕ ನನಗ ಬರೂದಿಲ್ಲ. ಉಳಿದದ್ದು ನೀ ಬೇಡಿದಂಗ ಆಗಲಿ."

ಸಾಹುಕಾರನೂ ಎಂಜಿನಿಯರನೂ ರುಮಾಲು, ಕನ್ನಡಕ ಎತ್ತಿಕೊಂಡು ಓಟ ಕಿತ್ತರು. ಬುಡೇನ್‌ಸಾಬರು ಸೆರೆಮನೆಯಿಂದ ಬಂದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಕಾಲಿಗೆ ಬಿದ್ದ ಶಿಷ್ಯನನ್ನು ದಾಟಿ ಬಾನೆಟ್ ಎತ್ತಿದರು. ಸೀಮೆಎಣ್ಣೆಯ ಅರಿವೆಯಿಂದ ಪಂಪಿನ ಅಡಿಯ ಜಿಡ್ಡು ಒರೆಸಿದರು. ಅಲ್ಲಿ ಪಂಪಿನ ಮೇಲೊಂದು, ಕೂತ ಜಾಗದ ಮೇಲೊಂದು, ಅಕ್ಕಿಕಾಳಿನುದ್ದದ ಹಳೆಯ ಗೀಟುಗಳು ಹೊಳೆದವು.

"ಉಸ್ತಾದ್... ಇದು ಇಲ್ಲೇ ಇತ್ತಾ?"

"ಪಂಪು ಕೂಡಿಸಿದ ದಿನಾನ ನಾ ಹಾಕಿದ್ದು. ಸೆರೆಮನಿ ಬಾಗಿಲಿಗೆ ಬಂದು ಒಂದ್ ಮಾತು ಕೇಳಿದ್ರ ಅವತ್ತ ಹೇಳತಿದ್ದೆ. ದಿನಾ ದಾರಿ ನೋಡಿದೆ ಮಗನ."

ಗೀಟಿಗೆ ಗೀಟು ಕೂಡಿತು, ಸ್ಕ್ರೂ ಒಂದು ಸುತ್ತು ಹಿಂದಕ್ಕೆ ಬಂತು, ಕಾರು ಹೊಗೆಯಿಲ್ಲದೆ ಘಾಟಿ ಹತ್ತಿತು. ರಾಣಿ ಕೊಟ್ರೇಶಿಗೆ ಜರಿ ಶಾಲು ಹೊದಿಸಿ ಅರಮನೆಯ ಗಾಡಿಗಳನ್ನೆಲ್ಲ ಒಪ್ಪಿಸಿದರು. ಅವನು ಶಾಲು ಮಡಚಿ ಉಸ್ತಾದರ ಹೆಗಲಿಗೆ ಹಾಕಿದ, ತಲೆ ಎತ್ತಲಿಲ್ಲ. ಉಸ್ತಾದರು ತಮ್ಮ ಉಳಿಯನ್ನು ಅವನ ಕೈಗಿಟ್ಟರು.

ಕಾರು ಕೋಟೆ ಸೇರಿತು, ಕತೆ ನಮ್ಮ ಬಳಿ ಉಳಿಯಿತು. ಕೊಟ್ರೇಶಿ ಇಂದಿಗೂ ಎಷ್ಟೇ ಸಣ್ಣ ನಟ್ಟಿರಲಿ, ಗೀಟು ಹಾಕದೆ ಪಾನಾ ಮುಟ್ಟುವುದಿಲ್ಲ. ಸೆರೆಮನೆಯ ಮುಂದೆ ಹಾಯುವಾಗ ಮಾತ್ರ ಈಗಲೂ ನೆಲ ನೋಡುತ್ತಾನೆ.