ಹವಳಕ್ಕೆ ಬಂದ ಬಿಳುಪು

ಪದ್ಮರಾಜರ ಮನೆಯ ಉಪ್ಪುನೀರಿನ ಅಕ್ವೇರಿಯಮ್ಮಿಗೆ ಹೊಸ ದೀಪ ಬಂದಾಗಿನಿಂದ ಮುದಿ ಏಡಿಗೆ ನೆಮ್ಮದಿಯಿರಲಿಲ್ಲ. ಬಂಡೆಯ ತುದಿಯಲ್ಲಿದ್ದ ಕಂದು ಹವಳ ದಿನೇದಿನೇ ಬಿಳಿಚಿಕೊಳ್ಳುತ್ತಿತ್ತು.

"ಏನಾಗಿದೆ ನಿನಗೆ?" ಎಂದು ಏಡಿ ಕೇಳಿತು.

"ನನ್ನ ಮೈಯೊಳಗಿದ್ದು ನನಗೆ ಉಣಿಸುತ್ತಿದ್ದ ಪಾಚಿಗಳು ಈ ಬೆಳಕು ತಾಳಲಾರದೆ ಬಿಟ್ಟುಹೋಗುತ್ತಿವೆ. ಹಸಿವಾಗುತ್ತಿದೆ, ಅಣ್ಣಾ."

ಏಡಿ ಮೇಲಕ್ಕೆ ನೋಡಿ ಬೇಡಿಕೊಂಡಿತು: "ದೀಪರಾಯರೇ, ದಯವಿಟ್ಟು ಸ್ವಲ್ಪ ತಗ್ಗಿ."

"ಯಾಕಯ್ಯಾ? ನಾನು ಬಂದ ಮೇಲೆ ಹವಳ ಎಷ್ಟು ಬೆಳ್ಳಗೆ ಹೊಳೆಯುತ್ತಿದೆ ನೋಡು! ಯಜಮಾನರೇ ಮೆಚ್ಚಿಕೊಂಡಿದ್ದಾರೆ," ಎಂದಿತು ದೀಪ.

ಇನ್ನು ಮಾತಿನಿಂದ ಕೆಲಸವಾಗದೆಂದು ಏಡಿಗೆ ತಿಳಿಯಿತು. ಸಿಕ್ಕಿಬಿದ್ದರೆ ತನ್ನನ್ನೇ ಹೊರಹಾಕಿಬಿಡುತ್ತಾರೇನೋ ಎಂಬ ಭಯವಿದ್ದರೂ, ಅದು ಹವಳವನ್ನು ಬುಡಸಮೇತ ಅಲುಗಾಡಿಸಿ ಬಂಡೆಯ ನೆರಳಿಗೆ ಉರುಳಿಸಿತು.

"ಈಗ ಹಾಯೆನಿಸಿತು," ಎಂದಿತು ಹವಳ.

ಅಷ್ಟರಲ್ಲಿ ಪದ್ಮರಾಜರು ಬಂದರು. "ಅಯ್ಯೋ ಪಾಪ, ಬಿದ್ದುಬಿಟ್ಟಿದೆ!" ಎನ್ನುತ್ತ ತೋಳೇರಿಸಿಕೊಂಡು ನೀರಿಗೆ ಕೈಹಾಕಿದರು. ಹವಳವನ್ನು ನೋವಾಗದಂತೆ ಎತ್ತಿ, ದೀಪಕ್ಕೆ ಇನ್ನೂ ಹತ್ತಿರದ ಜಾಗದಲ್ಲಿ ಕೂರಿಸಿದರು. ಮತ್ತೆ ಬೀಳದಿರಲೆಂದು ಅದರ ಬುಡಕ್ಕೆ ಗಟ್ಟಿಯಾಗಿ ಅಂಟು ಮೆತ್ತಿದರು.