ಹೊಗಳಿಕೆಯ ಮೇಲೆ ತೆರಿಗೆ

“ನನ್ನ ಕಣ್ಣು ತಪ್ಪಿಸಿ ಈ ರಾಜ್ಯದೊಳಗೆ ಒಂದು ಬಿಡಿಗಾಸೂ ಬರಲಾರದು!”

ಹೊಳೆಕೋಟೆಯ ತೆರಿಗೆ ಅಧಿಕಾರಿ ನಾಗಪ್ಪಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ದೊರೆ ಮಲ್ಲರಸ ತಲೆದೂಗಿದ. ಆ ತಲೆಯಿಂದ ಬೇರೆ ಕೆಲಸ ಆದದ್ದನ್ನು ಯಾರೂ ಕಂಡಿರಲಿಲ್ಲ.

ಆ ದಿನ ಸಿಕ್ಕಿಬಿದ್ದವಳು ದೇವೀರಮ್ಮ. ಮನೆಯಲ್ಲೇ ಕೂತು ಅರಸರಿಗೆ ಹೊಗಳಿಕೆಯ ಪದ್ಯ ಬರೆದುಕೊಟ್ಟು ಬದುಕುವವಳು. ಸ್ವಂತ ದೊರೆಗೆ ಬರೆದರೆ ತೂತುಬಿದ್ದ ಶಾಲು ಸಿಗುತ್ತಿತ್ತು. ಹಾಗಾಗಿ ಗಡಿಯಾಚೆ ಕಲ್ಲುದುರ್ಗದಂಥ ರಾಜ್ಯಗಳ ಅರಸರಿಗೇ ಬರೆದು ಕಳಿಸುತ್ತಿದ್ದಳು.

“ಬುದ್ಧೀ, ಕಲ್ಲುದುರ್ಗದವರು ಸಂಭಾವನೆ ಕೊಡುವಾಗಲೇ ಅವರ ತೆರಿಗೆ ಮುರಿದುಕೊಂಡಿದ್ದಾರೆ. ಇಲ್ಲೂ ಕಟ್ಟಿದರೆ ನಾನು ತಿನ್ನೋದೇನು?”

“ಅದು ಅವರ ತೆರಿಗೆ. ನೀನು ಕೂತು ಬರೆದದ್ದು ನಮ್ಮ ನೆಲದ ಮೇಲೆ. ಅದರಲ್ಲಿ ಅರ್ಧ ಪಾಲು ಪ್ರಭುಗಳದು. ಸಂಜೆಯೊಳಗೆ ಕಟ್ಟದಿದ್ದರೆ ನಿನ್ನ ಮನೆ ಹರಾಜು!”

“ಹೋದ ವರ್ಷ ಕಲ್ಲುದುರ್ಗದ ಶಿಲ್ಪಿ ಅಲ್ಲೇ ಕೂತು ನಮಗೆ ವಿಗ್ರಹ ಕಡೆದ. ಅವನ ಹತ್ತಿರವೂ ಕಿತ್ಕೊಂಡಿರಲ್ಲ?”

“ಅದು ನಮ್ಮೂರಿನ ದುಡ್ಡು ಕಣೇ!”

ಕೂತಲ್ಲೂ ಪಾಲು, ಕೊಟ್ಟಲ್ಲೂ ಪಾಲು. ಇಂಥ ನಾಚಿಕೆಗೇಡಿ ನ್ಯಾಯವನ್ನು ಕೇಳಿಯೂ ಸಭೆಯಲ್ಲಿದ್ದ ಪಂಡಿತರೆಲ್ಲ ಭೇಷ್ ಭೇಷ್ ಎಂದರು.

ಆಸ್ಥಾನದ ವಿದೂಷಕ ಕೊಂಡಯ್ಯ ಎದ್ದು ನಿಂತ. “ಅಧಿಕಾರಿಗಳ ಮಾತು ಸರಿಯಾಗಿದೆ, ಪ್ರಭು. ತೆರಿಗೆ ತಗೊಳ್ಳಲೇಬೇಕು.”

ದೇವೀರಮ್ಮನ ಮುಖ ಬಾಡಿತು.

“ಪದ್ಧತಿಯೊಂದು ಬಾಕಿ ಇದೆ,” ಎಂದ ಕೊಂಡಯ್ಯ. “ಹೊಳೆಕೋಟೆಯಲ್ಲಿ ಯಾವುದೇ ತೆರಿಗೆ ಸಂದರೂ ಯಾವುದರ ಮೇಲೆ ಸಂದಿತು ಅಂತ ಪೇಟೆಯಲ್ಲಿ ಡಂಗುರ ಸಾರಬೇಕಲ್ಲ? ಎಣ್ಣೆಗೆ ಎಣ್ಣೆ, ಬೆಲ್ಲಕ್ಕೆ ಬೆಲ್ಲ. ಪದ್ಯಕ್ಕೆ ಪದ್ಯವನ್ನೇ ಸಾರಬೇಕು. ಅಮ್ಮಾ, ಪದ್ಯ ಹೇಳಿ.”

ದೇವೀರಮ್ಮ ಹಿಂಜರಿದಳು. “ಗಿರಾಕಿ ಕೇಳಿದ ಹಾಗೆ ಬರೆದದ್ದು ಸ್ವಾಮಿ...”

“ಹೇಳು!” ಎಂದು ನಾಗಪ್ಪಯ್ಯನೇ ಗದರಿದ. ಅವಳು ಹೇಳಿದಳು. ಡಂಗುರದವನು ತಮಟೆ ಬಡಿದು ಅಲ್ಲೇ ಒಮ್ಮೆ ಸಾರಿ ನೋಡಿದ:

“ಕೇಳಿರಪ್ಪೋ ಕೇಳಿ! ‘ಕಲ್ಲುದುರ್ಗದ ಧಣಿಯೇ, ನಿನ್ನ ಕುದುರೆ ಲಾಯದಲ್ಲಿ ಲದ್ದಿ ಬಾಚುವುದಕ್ಕೂ ಹೊಳೆಕೋಟೆಯ ಮಲ್ಲರಸ ಲಾಯಕ್ಕಲ್ಲ’ ಎಂಬ ಪದ್ಯದ ಆದಾಯದಲ್ಲಿ ಅರ್ಧ ಪಾಲು ನಮ್ಮ ಮಲ್ಲರಸ ಪ್ರಭುಗಳಿಗೆ ಸಂದಿತಪ್ಪೋ!”

ಸಭೆ ತುಟಿ ಕಚ್ಚಿಕೊಂಡಿತು. ದೊರೆಯ ಮುಖ ಕೆಂಪೇರಿತು. “ಇವಳನ್ನು ಹಿಡಿಯಿರಿ!”

ಕೊಂಡಯ್ಯ ಮುಂದೆ ಬಂದ. “ಹಿಡಿಯಲಿ ಪ್ರಭು. ಆದರೆ ಆದಾಯದಲ್ಲಿ ಅರ್ಧ ಅರಮನೆಯದು ಅಂದಮೇಲೆ ಅಪರಾಧದಲ್ಲೂ ಅರ್ಧ ಅರಮನೆಯದೇ ಆಗುತ್ತೆ. ಅರಮನೆಯ ಪಾಲಿನ ಶಿಕ್ಷೆಗೆ ಯಾರನ್ನು ಕಳಿಸೋಣ? ಅದು ಬೇಡವಾದರೆ ಪದ್ಯ ಕಲ್ಲುದುರ್ಗದ್ದು ಅನ್ನಿ. ಆಗ ಅದರ ತೆರಿಗೆಯೂ ಅಲ್ಲೇ ಮುಗಿಯಿತು.”

ದೊರೆ ಕೈಯೆತ್ತಿ ಭಟರನ್ನು ತಡೆದ. ದುಡ್ಡಿನ ಆಸೆ ಬಿಡದ ನಾಗಪ್ಪಯ್ಯ ಮಾತ್ರ ಸಿಂಹಾಸನದ ಬಳಿ ಬಗ್ಗಿದ. “ಡಂಗುರ ಬೇಡ ಪ್ರಭು. ಗುಟ್ಟಾಗಿ ದುಡ್ಡು ತಗೊಂಡುಬಿಡೋಣ.”

ದೊರೆ, ನಾಚಿಕೆಯಿಲ್ಲದೆ, ಯೋಚಿಸತೊಡಗಿದ.

ಕೊಂಡಯ್ಯ ಕೈಮುಗಿದ. “ಆಗಲಿ ಪ್ರಭು. ಬೈದವರಿಗೆ ಕೂಲಿ ಸಿಕ್ಕಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಬೈಸಿಕೊಂಡವರೂ ಅದರಲ್ಲಿ ಪಾಲು ಕೇಳೋದನ್ನು ಇವತ್ತೇ ನೋಡ್ತಿರೋದು.”